ಒಂದೇ ಬೆಂಚಿನ ಇಬ್ಬರು ಕೋಚ್‌ಗಳು

ನವೆಂಬರ್ 18

ಮೈದಾನದ ಗೇಟು ದಾಟುವ ಮೊದಲೇ ವಿಸಿಲ್ ಕೇಳಿಸಿತು. ಈ ಫುಟ್‌ಬಾಲ್ ಕ್ಲಬ್ಬಿನಲ್ಲಿ ವಿಸಿಲ್ ಊದುವವನು ನಾನು. ನಾನಿನ್ನೂ ಗೇಟಿನ ಹೊರಗಿದ್ದೆ.

ಒಳಗೆ ಹೋದರೆ ಉಣ್ಣೆ ಟೋಪಿ ಹಾಕಿಕೊಂಡ ಒಬ್ಬ ಡೊಳ್ಳುಹೊಟ್ಟೆಯ ಮನುಷ್ಯ ನನ್ನ ಹುಡುಗರನ್ನು ಓಡಿಸುತ್ತಿದ್ದಾನೆ. ಹತ್ತಿರ ಹೋಗಿ ಕೇಳಿದೆ, "ಯಾರು ನೀವು?"

"ಕೋಚ್. ನೀವು?"

"ಕೋಚ್."

ಹುಡುಗರು ಓಡುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡುತ್ತ ನಿಂತರು. ಕ್ಯಾಪ್ಟನ್ ಬೊರ್ನಿ ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದ. ನಗುತ್ತಿದ್ದ, ಕತ್ತೆ.

ಇದೆಲ್ಲ ಆ ಕುರಿಯಿಂದ ಶುರುವಾಗಿದ್ದು. ಸೀಸನ್ ಆರಂಭದ ದಿನ ಮೈದಾನದ ನಡುಗೆರೆಯ ಮೇಲೆ ಕುರಿ ಕಡಿಯುವುದು ಈ ಐನ್ ಸಮ್ರಾ ಊರಿನ ಪದ್ಧತಿ. ಚೂರಿ ಯಾರು ಹಿಡಿಯಬೇಕು ಅಂತ ಕ್ಲಬ್ಬಿನ ಅಧ್ಯಕ್ಷ ಲಮೀನ್‌ಗೂ ಅವನ ತಂಗಿಯ ಗಂಡ ಮುಖ್ತಾರ್‌ಗೂ ಜಗಳವಾಯಿತು. ಒಬ್ಬನದು ಆಲಿವ್ ಎಣ್ಣೆಯ ಗಾಣ, ಇನ್ನೊಬ್ಬನದು ಹಿಟ್ಟಿನ ಗಿರಣಿ. ಇಬ್ಬರಿಗೂ ಊರೆಲ್ಲ ತನ್ನದೇ ಎಂಬ ಠೇಂಕಾರ. ಕೊನೆಗೆ ಎರಡು ಕುರಿ ಕಡಿದರು. ಆಮೇಲೆ ಮುಖ್ತಾರ್ ತನ್ನ ಕಡೆಯ ಕೆಫೆಯಲ್ಲಿ ಸಭೆ ಕರೆದು ತಾನೂ ಅಧ್ಯಕ್ಷನಾದ. ಈಗ ಗಾಬೆಸ್ ಊರಿನಿಂದ ತನ್ನದೇ ಕೋಚ್‌ನನ್ನೂ ತರಿಸಿದ್ದಾನೆ. ಹೆಸರು ನೂರಿ.

ನನ್ನನ್ನು ಕರೆತಂದವನು ಲಮೀನ್. ಫೋನ್ ಮಾಡಿದೆ. "ನೀನು ಜಾಗ ಬಿಡಬೇಡ ಶಾದ್ಲಿ," ಅಂದ. "ಬೆಂಚಿನ ಮೇಲೆ ಕೂತ್ಕೊ, ಏಳಲೇಬೇಡ. ನೀನು ಎದ್ದೆ ಅಂದ್ರೆ ಅವನು ಕೂತ್ಕೋತಾನೆ."

ಏಳುವುದಿಲ್ಲ. ಐವತ್ತೆಂಟನೇ ವಯಸ್ಸಿಗೆ ಇನ್ನೊಂದು ಬೆಂಚು ಯಾರು ಕೊಡುತ್ತಾರೆ? ನನ್ನೂರು ಬಿಜೆರ್ತಾದ ಮನೆಗೆ ಬೀಗ ಬಿದ್ದಿದೆ. ಹೆಂಡತಿ ರಫೀಕಾ ಮಗಳ ಬಾಣಂತನಕ್ಕೆಂದು ಸೂಸ್ ಊರಿಗೆ ಹೋದವಳು, ಮಗು ನಡೆಯಲು ಕಲಿತರೂ ಬಂದಿಲ್ಲ. ನೀನೇ ಬಾ ಅನ್ನುತ್ತಾಳೆ. ಮೂವತ್ತು ವರ್ಷ ಕೋಚ್ ಆಗಿದ್ದವನು ಅಳಿಯನ ಮನೆಯ ಸೋಫಾದಲ್ಲಿ ಟೀವಿ ನೋಡುತ್ತ ಕೂರಬೇಕಂತೆ. ಆಗುವ ಮಾತಲ್ಲ.

ನವೆಂಬರ್ 19

ಊರಿಗೆ ಇರುವುದು ಒಂದೇ ಹೋಟೆಲು. ರಾತ್ರಿ ಊಟಕ್ಕೆ ಇಳಿದರೆ ಆ ಮನುಷ್ಯ ಅಲ್ಲೇ ಕೂತಿದ್ದ. ಹೋಟೆಲಿನ ಒಡತಿ ಲಲ್ಲಾ ಜೊಹ್ರಾ ಅವನಿಗೆ ನನ್ನ ಪಕ್ಕದ ಕೋಣೆಯನ್ನೇ ಕೊಟ್ಟಿದ್ದಾಳೆ.

"ಬೇರೆ ಕೋಣೆ ಇರಲಿಲ್ವಾ?" ಅಂದೆ.

"ಮೇಲಿನ ಮಹಡಿ ಸೋರುತ್ತೆ. ಬೇಕಾದ್ರೆ ನೀವು ಹೋಗಿ, ಸೀ ಶಾದ್ಲಿ. ಬಕೆಟ್ ಕೊಡ್ತೀನಿ." ಹೆಸರಿನ ಮುಂದೆ ಗೌರವದ ಸೀ ಮಾತ್ರ ತಪ್ಪಿಸುವುದಿಲ್ಲ.

ಊಟದ ಹಾಲಿನಲ್ಲಿರುವುದು ಒಂದೇ ಗ್ಯಾಸ್ ಹೀಟರು. ಈ ಬಯಲುಸೀಮೆಯ ಚಳಿಗೆ ಅದರಿಂದ ದೂರ ಕೂತರೆ ಸೂಪು ಬಾಯಿಗೆ ಬರುವಷ್ಟರಲ್ಲಿ ಆರಿರುತ್ತದೆ. ಹೀಟರಿನ ಬಲಕ್ಕೆ ನಾನು, ಎಡಕ್ಕೆ ಅವನು, ಬೆನ್ನಿಗೆ ಬೆನ್ನು ಮಾಡಿ ಕೂತೆವು. ಖಾರ ಮೆಣಸಿನಕಾಯಿಯ ಹರೀಸಾ ಚಟ್ನಿಯನ್ನು ಚಮಚದಲ್ಲಿ ಬಾಚಿ ಬಾಚಿ ತಿನ್ನುವ ಸದ್ದು ಬೆನ್ನ ಹಿಂದಿನಿಂದ ಕೇಳಿಸುತ್ತಿತ್ತು. ಗಾಬೆಸ್‌ನವರ ಕರುಳು ಯಾವುದರಿಂದ ಮಾಡಿದ್ದೋ.

ಜೊತೆಗೆ ಒಂದು ಹಕ್ಕಿಯನ್ನೂ ತಂದಿದ್ದಾನೆ. ಕೆಂಪು ಮುಖದ ಹಾಡುಹಕ್ಕಿ, ಪಂಜರದಲ್ಲಿ. ಇವತ್ತು ಬೆಳಗಿನ ಜಾವ ಗೋಡೆಯ ಆಚೆಯಿಂದ ಶುರುವಿಟ್ಟುಕೊಂಡಿದ್ದು ಅದೇ.

ಡಿಸೆಂಬರ್ 1

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರಿಗೆ ಹೇಳಲಿ.

ಹೊರ ಊರಿನ ಪಂದ್ಯ. ಇಬ್ಬರು ಅಧ್ಯಕ್ಷರೂ ರೆಫರಿಗೆ ಒಂದೊಂದು ತಂಡದ ಪಟ್ಟಿ ಕಳಿಸಿದ್ದರು. ಮುಖ್ತಾರ್‌ನ ಅಣ್ಣನ ಮಗನಿಗೆ ಮೋಟಾರ್‌ಸೈಕಲ್ ಇದೆ, ಹಾಗಾಗಿ ಅವರದು ಮೊದಲು ತಲುಪಿತು. ಅದರಲ್ಲಿ ಕೋಚ್: ನೂರಿ. ನನ್ನ ಹೆಸರೇ ಇಲ್ಲ. ರೆಫರಿ ಇನ್ನೂ ಮೀಸೆ ಮೂಡದ ಹುಡುಗ. "ಇಬ್ಬರು ಕೋಚ್ ಕೂರೋ ಹಾಗಿಲ್ಲ. ಒಬ್ಬರು ಹೊರಗೆ ಹೋಗಿ," ಅಂದ.

ಬೆಂಚು ಬಿಡಬೇಡ ಅಂದಿದ್ದನಲ್ಲ ಲಮೀನ್. ಪಟ್ಟಿ ನೋಡಿದೆ. ಮಾಲೀಷಿನವನ ಹೆಸರಿನ ಜಾಗ ಖಾಲಿ ಇತ್ತು. ನಮ್ಮ ಮಾಲೀಷಿನವನು ಈ ರಗಳೆ ನೋಡಿ ಹೋದ ವಾರವೇ ಕೆಲಸ ಬಿಟ್ಟಿದ್ದ.

"ಮಾಲೀಷಿನವನು ಅಂತ ಬರ್ಕೊಳ್ಳಿ," ಅಂದುಬಿಟ್ಟೆ. ನನ್ನ ಬಾಯಿಂದಲೇ.

ಐಸ್ ಚೀಲವನ್ನು ಕೈಗೆ ಕೊಟ್ಟರು. ದ್ವಿತೀಯಾರ್ಧದಲ್ಲಿ ಬೊರ್ನಿ ಮೀನಖಂಡ ಹಿಡಿದುಕೊಂಡು ಬಿದ್ದ. ರೆಫರಿ ನಮ್ಮ ಬೆಂಚಿನತ್ತ ಕೈ ಬೀಸಿದ. ನಾನು ಬೊರ್ನಿಯ ಜಾಗಕ್ಕೆ ಯಾರನ್ನು ಇಳಿಸಬೇಕು ಅಂತ ಯೋಚಿಸುತ್ತ ಕೂತಿದ್ದೆ.

"ಏಯ್ ಮಾಲೀಷ್! ನಿಂಗೇನೇ ಹೇಳ್ತಿರೋದು, ಬಾರಯ್ಯ!"

ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ನಕ್ಕಿತು. ಓಡಿದೆ. ಹುಲ್ಲಿನ ಮೇಲೆ ಮಂಡಿಯೂರಿ ಕಾಲು ಉಜ್ಜಿದೆ. ಬೊರ್ನಿ ಅಂಗಾತ ಮಲಗಿ ಆಕಾಶ ನೋಡುತ್ತ, "ಕೈ ತುಂಬಾ ತಣ್ಣಗಿದೆ ಕೋಚ್," ಅಂದ. ಎರಡು ಗೋಲಿನಿಂದ ಸೋತೆವು. ವಾಪಸು ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಅವನು, ಹಿಂದಿನ ಸೀಟಿನಲ್ಲಿ ನಾನು.

ಡಿಸೆಂಬರ್ 8

ಈ ಸಲ ನಮ್ಮ ಪಟ್ಟಿ ಮೊದಲು. ಲಮೀನ್ ತನ್ನ ಗಾಣದ ಆಳನ್ನು ಮುಂಜಾನೆಯೇ ಕಳಿಸಿದ್ದ. ನಾನು ಕೋಚ್, ಗಾಬೆಸ್‌ನವನು ಮಾಲೀಷ್. ಅವನಿಗೆ ನಾಚಿಕೆಯಾದ ಹಾಗೆ ಕಾಣಲಿಲ್ಲ. ತೋಳು ಮಡಚಿ ಖುಷಿಯಿಂದ ಉಜ್ಜಿದ. ಉಜ್ಜುತ್ತ ಹುಡುಗರ ಕಿವಿಯಲ್ಲಿ ಏನೇನೋ ಊದಿದ.

ಎಡಗಡೆ ಜಾಗ ಬಿಡಬೇಡಿ ಅಂತ ನಾನು ಕೂಗಿದರೆ ಬೊರ್ನಿ, "ಗೊತ್ತು ಕೋಚ್, ಮಾಲೀಷಿನವ್ರೂ ಅದನ್ನೇ ಅಂದ್ರು!" ಅಂದ. ಒಂದೊಂದು ಗೋಲಿಗೆ ಸಮ.

ಡಿಸೆಂಬರ್ 22

ನಮ್ಮದೇ ಮೈದಾನದಲ್ಲಿ ಲಮೀನ್ ಕಡೆಯ ಕೆಫೆಯವರೂ ಮುಖ್ತಾರ್ ಕಡೆಯ ಕೆಫೆಯವರೂ ಕುರ್ಚಿಗಳಲ್ಲಿ ಹೊಡೆದಾಡಿಕೊಂಡರು. ಎದುರಾಳಿ ತಂಡದವರು ನಿಂತು ನೋಡಿದರು. ಅವರಿಗೆ ಟಿಕೆಟ್ಟಿಲ್ಲದ ತಮಾಷೆ. ಲೀಗ್‌ನವರ ಶಿಕ್ಷೆ ಬಂದಿದೆ: ಕೊನೆಯ ಪಂದ್ಯದವರೆಗೂ ನಮ್ಮೂರಿನ ಆಟಗಳಿಗೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ.

ಜನವರಿ 3

ಚಳಿ. ರಫೀಕಾ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಜನವರಿ 19

ಜನರಿಲ್ಲದ ಮೊದಲ ಪಂದ್ಯ.

ಖಾಲಿ ಮೈದಾನ ಇಷ್ಟು ಭಯ ಹುಟ್ಟಿಸುತ್ತದೆ ಅಂತ ಗೊತ್ತಿರಲಿಲ್ಲ. ಚೆಂಡು ಒದ್ದ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಹುಡುಗರ ಏದುಸಿರು, ರೆಫರಿಯ ಬೂಟು, ದೂರದ ರಸ್ತೆಯ ಲಾರಿ, ಎಲ್ಲವೂ ಕೇಳುತ್ತಿತ್ತು. ಊರಿನವರು ಶಾಲೆಯ ಮಾಳಿಗೆ ಹತ್ತಿ ಸಾಲಾಗಿ ನಿಂತಿದ್ದರು. ಕೂಗಿದರೆ ಇನ್ನೂ ಶಿಕ್ಷೆಯಾಗುತ್ತದೆಂದು ಅವರೂ ಗಪ್‌ಚಿಪ್.

ನನಗೆ ಒಂದು ಚಾಳಿ ಇದೆ. ಬೆಂಚಿನಲ್ಲಿ ಕೂತು ಒಬ್ಬನೇ ಗೊಣಗುತ್ತೇನೆ. ಮೂವತ್ತು ವರ್ಷದಿಂದ ಆಟಗಾರರನ್ನು, ರೆಫರಿಗಳನ್ನು, ಅಧ್ಯಕ್ಷರನ್ನು ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಜನರ ಗದ್ದಲದಲ್ಲಿ ಯಾವನಿಗೂ ಒಂದಕ್ಷರ ಕೇಳಿಸಿಲ್ಲ.

ಇವತ್ತು ಪಟ್ಟಿಯಲ್ಲಿ ಅವನು ಕೋಚ್. ಚೆನ್ನಾಗಿ ಓಡುತ್ತಿದ್ದ ಬಲಗಡೆಯ ಹುಡುಗನನ್ನು ಹೊರಗೆ ಕರೆದ. ನನಗೆ ಮೈ ಉರಿಯಿತು. ಗೊಣಗಿದೆ: "ಇವನಿಗೆ ಹೋಗೋಕೆ ಒಂದು ಮನೆ ಇಲ್ಲ. ಇದ್ದಿದ್ರೆ ಈ ಬೆಂಚಿಗೆ ಹೀಗೆ ಅಂಟ್ಕೊಂಡಿರ್ತಿದ್ನಾ?"

ಆ ಕಡೆಯ ಗೋಲಿನಲ್ಲಿದ್ದ ಕೀಪರ್ ತಿರುಗಿ ನೋಡಿದ. ರೆಫರಿ ತಿರುಗಿ ನೋಡಿದ. ಬೊರ್ನಿ ಓಡುವುದನ್ನು ನಿಲ್ಲಿಸಿದ. ನೂರಿ ಮಾತ್ರ ತಿರುಗಲಿಲ್ಲ. ನೀರಿನ ಬಾಟಲಿ ತೆಗೆದುಕೊಂಡು ಕುಡಿದ, ಮುಚ್ಚಳ ಹಾಕಿದ, ಕೆಳಗಿಟ್ಟ.

ಒಂದು ಗೋಲಿನಿಂದ ಗೆದ್ದೆವು. ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ.

ಜನವರಿ 20

ಹೀಟರಿನ ಎಡಗಡೆಯ ಕುರ್ಚಿ ಖಾಲಿ. ಲಲ್ಲಾ ಜೊಹ್ರಾ ನನ್ನ ಮುಂದೆ ಸೂಪಿನ ಬಟ್ಟಲನ್ನು ಕುಕ್ಕಿದಳು. ಅರ್ಧ ಚೆಲ್ಲಿತು.

"ಇಡೀ ಊರಿಗೆ ಕೇಳಿಸ್ತಂತೆ ನಿಮ್ಮ ಮಾತು. ಶಾಲೆ ಮಾಳಿಗೆ ಮೇಲಿದ್ದೋರಿಗೂ."

"ನಾನು ಸುಮ್ನೆ ಅಂದಿದ್ದು."

"ಸುಮ್ನೆ ಅಂದ್ರೂ ನಿಜಾನೇ ಅಂದ್ರಿ. ಅವ್ರ ಹೆಂಡತಿ ತೀರ್ಕೊಂಡ್ಮೇಲೆ ಆ ಮನೇಲಿರೋಕಾಗಲ್ಲ ಅಂತ ಮಾರಿಬಿಟ್ರಂತೆ. ಒಂದು ಬೆಂಚು ಮುಗಿದು ಇನ್ನೊಂದು ಸಿಗೋವರೆಗೆ ಯಾವುದಾದ್ರೂ ಹೋಟ್ಲಲ್ಲಿ ಇರ್ತಾರೆ. ಅವ್ರು, ಆ ಹಕ್ಕಿ."

"ನಿಮಗೆ ಹೇಗೆ ಗೊತ್ತು?"

"ಕೇಳಿದೆ. ಎರಡು ತಿಂಗಳಿಂದ ಪಕ್ಕದಲ್ಲೇ ಕೂತಿದ್ದೀರಲ್ಲ, ನೀವೇನು ಕೇಳಿದ್ರಿ?"

ನಾನೇನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಗೊತ್ತಿದ್ದರೆ ಅನ್ನುತ್ತಿರಲಿಲ್ಲ ಅಂತ ಅವಳಿಗೆ ಹೇಳಿದೆ. ಅವಳು ಆಗಲೇ ಅಡುಗೆಮನೆಗೆ ಹೋಗಿದ್ದಳು.

ಫೆಬ್ರವರಿ 9

ಮತ್ತೆ ಸೋಲು. ಬೊರ್ನಿ ಕರೆಂಟು ಕಚೇರಿಯಲ್ಲಿ ಕೆಲಸ ಮಾಡುವವನು, ಮೂವತ್ನಾಲ್ಕು ವರ್ಷ, ಮೂರು ಮಕ್ಕಳ ತಂದೆ. ಪಂದ್ಯ ಮುಗಿದ ಮೇಲೆ ನನ್ನ ಜೊತೆ ಹೋಟೆಲಿನವರೆಗೆ ನಡೆದು ಬಂದ.

"ಒಂದು ಮಾತು ಹೇಳ್ಲಾ ಕೋಚ್? ಬೇಜಾರು ಮಾಡ್ಕೋಬಾರ್ದು."

"ಹೇಳು."

"ಮೊದ್ಲು ನೀವಿಬ್ರೂ ಕಚ್ಚಾಡ್ತಿದ್ರಿ. ಒಬ್ರು ಮುಂದೆ ಹೋಗು ಅಂದ್ರೆ ಇನ್ನೊಬ್ರು ಹಿಂದೆ ಬಾ ಅಂತಿದ್ರಿ. ನಾವು ನಡುವೆ ನಿಂತ್ಕೋತಿದ್ವಿ, ಹೇಗೋ ನಡೀತಿತ್ತು. ಈಗ ಇಬ್ರೂ ಮಾತೇ ಬಿಟ್ಟಿದ್ದೀರಿ. ನಮ್ಮನೇಲೂ ಹೀಗೇ, ನನ್ನ ಹೆಂಡ್ತಿ ಬೈದ್ರೆ ಭಯ ಇಲ್ಲ. ಸುಮ್ನಾದ್ರೆ ಅವತ್ತು ಊಟ ಇಲ್ಲ."

ನಿನ್ನ ಆಟ ನೋಡಿಕೊ ಅಂತ ಗದರಿದೆ. ಕೋಣೆಗೆ ಬಂದು ರಫೀಕಾಗೆ ಫೋನ್ ಮಾಡೋಣ ಅನ್ನಿಸಿತು. ಏನು ಮಾತಾಡುವುದು? ಸೋತೆವು ಅನ್ನಬೇಕು. ಮಾಡಲಿಲ್ಲ.

ಮಾರ್ಚ್ 2

ರಮದಾನಿನ ಎರಡನೆಯ ದಿನ. ಹೋಟೆಲಿನಲ್ಲಿದ್ದ ವ್ಯಾಪಾರಿಗಳೆಲ್ಲ ಅವರವರ ಮನೆಗೆ ಹೋಗಿದ್ದಾರೆ. ಲಲ್ಲಾ ಜೊಹ್ರಾ ಸೂಪು, ಮೊಟ್ಟೆ ತುಂಬಿ ಕರಿದ ಬ್ರೀಕು, ಖರ್ಜೂರ, ಮಜ್ಜಿಗೆ ಎಲ್ಲವನ್ನೂ ಮುಚ್ಚಿಟ್ಟು ಉಪವಾಸ ಬಿಡಲು ಮಗಳ ಮನೆಗೆ ಹೋದಳು. ಹೋಗುವಾಗ ದೀಪಗಳನ್ನೂ ಆರಿಸಿದಳು, ಒಂದನ್ನು ಬಿಟ್ಟು.

ಸಂಜೆಯ ಬಾಂಗು ಕೇಳಿತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎದುರುಮನೆಯಿಂದ ಚಮಚಗಳ ಸದ್ದು, ಮಕ್ಕಳ ಗಲಾಟೆ. ಖರ್ಜೂರ ಕೈಯಲ್ಲಿ ಹಿಡಿದುಕೊಂಡು ಕೂತೆ. ನುಂಗಲು ಆಗಲಿಲ್ಲ. ಎಷ್ಟೋ ರಮದಾನ್‌ಗಳನ್ನು ಹೊರ ಊರುಗಳಲ್ಲಿ ಕಳೆದಿದ್ದೇನೆ, ಹೀಗೆ ಯಾವತ್ತೂ ಆಗಿರಲಿಲ್ಲ.

ತಟ್ಟೆ ಎತ್ತಿಕೊಂಡು ಮಹಡಿ ಹತ್ತಿ ಪಕ್ಕದ ಕೋಣೆಯ ಬಾಗಿಲು ತಟ್ಟಿದೆ.

"ಯಾರು?"

"ಮಾಲೀಷಿನವನು," ಅಂದೆ.

ಚಿಲಕ ತೆಗೆದ ಸದ್ದಾಯಿತು.

ಮಂಚದ ಮೇಲೆ ವೃತ್ತಪತ್ರಿಕೆ ಹಾಸಿ ಕೂತೆವು. ಅವನು ಒಂದು ಒಣ ರೊಟ್ಟಿ, ಹರೀಸಾ ಇಟ್ಟುಕೊಂಡಿದ್ದ, ಅಷ್ಟೇ. ನನ್ನ ಬ್ರೀಕನ್ನು ಮುರಿದು ಅರ್ಧ ಕೊಟ್ಟೆ. ಮೊಟ್ಟೆ ಅವನ ಗಡ್ಡದ ಮೇಲೆ ಸುರಿಯಿತು. ಒರೆಸಿಕೊಳ್ಳುತ್ತ ಕೇಳಿದ, "ಆ ಬಲಗಡೆ ಹುಡುಗನ್ನ ತೆಗೆದಿದ್ದು ತಪ್ಪಾ?"

"ತಪ್ಪು."

"ಹೌದು. ನನಗೂ ಆಮೇಲೆ ಹಾಗೇ ಅನ್ನಿಸ್ತು."

ಅವತ್ತು ಅಂದಿದ್ದಕ್ಕೆ ಕ್ಷಮಿಸಿ ಅಂದೆ. ಅವನು ಖರ್ಜೂರದ ಬೀಜ ಉಗುಳಿ, "ನೀವು ಅಂದಿದ್ದು ಸುಳ್ಳಲ್ಲ. ಸ್ವಲ್ಪ ಮೆತ್ತಗೆ ಅನ್ಬಹುದಿತ್ತು," ಅಂದ. ಆಮೇಲೆ, "ನಿಮ್ಮ ಮನೆ ಎಲ್ಲಿ?"

"ಬಿಜೆರ್ತಾ. ಸಮುದ್ರಕ್ಕೆ ಹತ್ರ."

"ಮನೇಲಿ ಯಾರಿದ್ದಾರೆ?"

"ಹೆಂಡತಿ," ಅಂದೆ.

ಯಾಕೆ ಹಾಗೆ ಹೇಳಿದೆನೋ.

ಮಾರ್ಚ್ 16

ಮುಖ್ತಾರ್‌ಗೂ ಲಮೀನ್‌ಗೂ ಗೊತ್ತಾಗದ ಹಾಗೆ ಒಟ್ಟಿಗೆ ಅಭ್ಯಾಸ ಮಾಡಿಸುತ್ತಿದ್ದೇವೆ. ಅಂದರೆ ಊರಿಗೆಲ್ಲ ಗೊತ್ತು, ಅವರಿಬ್ಬರಿಗೆ ಮಾತ್ರ ಯಾರೂ ಹೇಳಿಲ್ಲ. ಸಂಜೆ ಊಟವಾದ ಮೇಲೆ ಹೀಟರಿನ ಮುಂದೆ ತಟ್ಟೆ ಇಟ್ಟುಕೊಂಡು ಆಲಿವ್ ಕಾಯಿ ನಮ್ಮವರು, ಖರ್ಜೂರದ ಬೀಜ ಎದುರಾಳಿಗಳು ಅಂತ ಜೋಡಿಸುತ್ತೇವೆ. ನೂರಿ ಮಾತಿನ ಭರದಲ್ಲಿ ನಮ್ಮ ಸೆಂಟರ್ ಹಾಫ್‌ನನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. "ಅಯ್ಯೋ ಮಾರಾಯಾ, ಉಗುಳು, ಉಗುಳು, ಅವನಿಲ್ದೆ ಆಡೋದು ಹೇಗೆ!" ಅಂತ ನಾನು ಕಿರುಚಿದ್ದು ಕೇಳಿ ಲಲ್ಲಾ ಜೊಹ್ರಾ ಓಡಿ ಬಂದಳು.

ಎರಡು ಪಂದ್ಯ ಗೆದ್ದಿದ್ದೇವೆ. ಪಟ್ಟಿ ಯಾರದು ಮೊದಲು ತಲುಪುತ್ತದೋ ಅವನು ಕೋಚ್, ಇನ್ನೊಬ್ಬನು ಮಾಲೀಷ್. ಈಗ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳುತ್ತಿಲ್ಲ. ಹಕ್ಕಿ ಬೆಳಿಗ್ಗೆ ಹಾಡದಿದ್ದರೆ ಏನಾಯಿತೋ ಅನ್ನಿಸುತ್ತದೆ.

ಮಾರ್ಚ್ 30

ಈದ್. ರಫೀಕಾ ಫೋನ್ ಮಾಡಿದಳು.

"ಬರ್ತೀಯಾ?"

"ಲೀಗ್ ಮುಗೀಲಿ."

"ನಿನಗೆ ಪ್ರತಿ ವರ್ಷ ಯಾವುದೋ ಒಂದು ಮುಗೀಬೇಕು." ಆಮೇಲೆ ಮಗುವಿನ ಕೈಗೆ ಫೋನ್ ಕೊಟ್ಟಳು. ಅದು ಉಸಿರಾಡಿತು, ಮಾತಾಡಲಿಲ್ಲ. ನಾನೂ ಸುಮ್ಮನೆ ಕೇಳುತ್ತ ನಿಂತೆ.

ಲಮೀನ್ ಮನೆಯಿಂದ ನನಗೊಂದು ಡಬ್ಬಿ, ಮುಖ್ತಾರ್ ಮನೆಯಿಂದ ನೂರಿಗೊಂದು ಡಬ್ಬಿ ಸಿಹಿ ಬಂತು. ಅಣ್ಣ ತಂಗಿಯ ಮನೆಗಳು, ಒಂದೇ ಅಜ್ಜಿಯ ಕೈರುಚಿ. ಲಲ್ಲಾ ಜೊಹ್ರಾ ಎರಡನ್ನೂ ಒಂದೇ ತಟ್ಟೆಗೆ ಸುರಿದು, "ಈಗ ಯಾವುದು ಯಾರದು ಹೇಳಿ ನೋಡೋಣ," ಅಂದಳು. ಹೇಳಲಾಗಲಿಲ್ಲ.

ಏಪ್ರಿಲ್ 21

ಸಿಡಿಲು ಬಡಿಯಿತು. ಲೀಗಿನ ಅಂಕಪಟ್ಟಿಯಲ್ಲಿ ನಮಗಿಂತ ಕೆಳಗಿರುವ ಕ್ಲಬ್ಬಿನವರು ದೂರು ಕೊಟ್ಟಿದ್ದಾರೆ: ಐನ್ ಸಮ್ರಾಕ್ಕೆ ಇಬ್ಬರು ಕೋಚ್‌ಗಳು, ಇದು ನಿಯಮಕ್ಕೆ ವಿರುದ್ಧ. ಸಾಬೀತಾದರೆ ಆರು ಅಂಕ ಕತ್ತರಿಸುತ್ತಾರೆ. ಆರು ಹೋದರೆ ನಾವು ಕೆಳಗಿನ ದರ್ಜೆಗೆ. ಅಲ್ಲಿಗೆ ಬಿದ್ದ ಕ್ಲಬ್ಬಿಗೆ ಗಾಣದವನೂ ಬರುವುದಿಲ್ಲ, ಗಿರಣಿಯವನೂ ಬರುವುದಿಲ್ಲ. ಬಾಗಿಲು ಹಾಕಿಕೊಳ್ಳುವುದೇ.

ಬೊರ್ನಿ ಬೆಂಚಿನ ತುದಿಯಲ್ಲಿ ಕೂತು ಸಾಕ್ಸ್ ಬಿಚ್ಚುತ್ತ ಹೇಳಿದ, "ಕ್ಲಬ್ಬು ಮುಚ್ಚಿದ್ರೆ ಈ ಊರಿಗೆ ಭಾನುವಾರ ಅನ್ನೋದೇ ಇರಲ್ಲ ಕೋಚ್. ಬರೀ ಎರಡು ಶನಿವಾರ." ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ.

ಏಪ್ರಿಲ್ 24

ಒಂದು ದಾರಿ ಇದೆಯಂತೆ. ಇಬ್ಬರಲ್ಲಿ ಒಬ್ಬ ರಾಜಧಾನಿ ಟ್ಯೂನಿಸ್‌ಗೆ ಹೋಗಿ, ಲೀಗ್ ಸಮಿತಿಯ ಮುಂದೆ, ನಾನು ಕೋಚ್ ಆಗಿರಲೇ ಇಲ್ಲ, ಮೊದಲಿಂದಲೂ ಮಾಲೀಷಿನವನು, ಪಟ್ಟಿಯಲ್ಲಿ ಹೆಸರು ತಪ್ಪಾಗಿ ಬಿದ್ದಿತ್ತು ಅಂತ ಹೇಳಿ ಸಹಿ ಹಾಕಬೇಕು. ಅಂಕ ಉಳಿಯುತ್ತದೆ. ಸಹಿ ಹಾಕಿದವನಿಗೆ ಮುಂದೆ ಯಾವ ಕ್ಲಬ್ಬೂ ಬೆಂಚು ಕೊಡುವುದಿಲ್ಲ. ಮಾಲೀಷಿನವನನ್ನು ಕೋಚ್ ಮಾಡುವವರು ಯಾರು?

ಲಮೀನ್ ನನ್ನ ಕೋಣೆಗೇ ಬಂದ. "ನೀನು ಸಹಿ ಹಾಕಿದ್ರೆ ಮುಖ್ತಾರ್ ಅಧ್ಯಕ್ಷ ಅಂತ ನೀನೇ ಒಪ್ಕೊಂಡ ಹಾಗೆ. ನನ್ನ ಮುಖ ಎಲ್ಲಿಟ್ಕೊಳ್ಳಲಿ? ಅವರವನೇ ಹಾಕ್ಲಿ." ಪಕ್ಕದ ಕೋಣೆಯಲ್ಲಿ ಮುಖ್ತಾರ್ ನೂರಿಗೆ ಇದನ್ನೇ ಹೇಳುತ್ತಿದ್ದ. ಗೋಡೆ ತೆಳು. ಅವನೂ ನಮ್ಮ ಮಾತು ಕೇಳಿಸಿಕೊಂಡಿರಬೇಕು. ಹೊರಗೆ ಬಂದು ಭಾವಮೈದುನರಿಬ್ಬರೂ ಮುಖ ನೋಡದೆ ಮೆಟ್ಟಿಲಿಳಿದರು.

ಸಂಜೆ ನೂರಿ ಇಸ್ತ್ರಿ ಪೆಟ್ಟಿಗೆ ಕೇಳಿ ತಂದು ತನ್ನ ಒಳ್ಳೆಯ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ. "ನಾನು ಹಾಕ್ತೀನಿ ಸಹಿ," ಅಂದ. "ನಿಮಗೆ ಮನೆ ಇದೆ, ಹೆಂಡತಿ ಇದ್ದಾರೆ, ಮರ್ಯಾದೆ ಇದೆ. ನನ್ನ ಯಾರು ನೋಡ್ತಾರೆ?"

ನನ್ನ ಜಾಗದಲ್ಲಿ ಯಾರಿದ್ದರೂ ಸಂತೋಷಪಡಬೇಕು. ನವೆಂಬರಿನಿಂದ ಬೇಡಿಕೊಂಡಿದ್ದೇ ಇದನ್ನು. ಸರಿ ಅಂದು ಬಂದೆ.

ಏಪ್ರಿಲ್ 26

ಬೇಸಿಗೆಯಲ್ಲಿ ಹೋಟೆಲು ತೆರೆದಿರುತ್ತಾ ಅಂತ ನೂರಿ ಕೇಳುತ್ತಿದ್ದ. ಲಲ್ಲಾ ಜೊಹ್ರಾ, "ಇಲ್ಲ ಸೀ ನೂರಿ, ಮುಚ್ಚಿ ಮಗಳ ಹತ್ರ ಹೋಗ್ತೀನಿ," ಅಂದಳು. "ಓ, ಒಳ್ಳೇದು, ಒಳ್ಳೇದು," ಅಂದ ಅವನು. ಆಮೇಲೆ ಹಕ್ಕಿಗೆ ಕಾಳು ಹಾಕಲು ಹೋದ. ಬೆಳಿಗ್ಗೆಯಷ್ಟೇ ಹಾಕಿದ್ದ.

ಏಪ್ರಿಲ್ 28, ಟ್ಯೂನಿಸ್

ನಾನು, ನೂರಿ, ಬೊರ್ನಿ ಒಂದು ಕಾರಿನಲ್ಲಿ. ಅಧ್ಯಕ್ಷರಿಬ್ಬರು ಎರಡು ಕಾರಿನಲ್ಲಿ. ಸಮಿತಿಯಲ್ಲಿ ಮೂವರಿದ್ದರು. ನಡುವಿನವನು ಕೇಳಿದ, "ಐನ್ ಸಮ್ರಾದ ಮಾಲೀಷಿನವರು ಯಾರು? ಎದ್ದು ನಿಲ್ಲಿ."

ನೂರಿ ದಪ್ಪ, ಕುರ್ಚಿಯಿಂದ ಏಳಲು ಅವನಿಗೆ ಹೊತ್ತು ಬೇಕು. ನಾನು ಆಗಲೇ ಎದ್ದಿದ್ದೆ.

"ನಾನು," ಅಂದೆ. "ಕೋಚ್ ಇವರು."

"ಮೊದಲಿಂದಲೂ?"

"ಮೊದಲಿಂದಲೂ."

"ನಿಮ್ಮ ಹೆಸರಲ್ಲಿ ಕೋಚ್ ಲೈಸೆನ್ಸ್ ಇದೆಯಲ್ಲ?"

"ಹಳೇದು."

ಬೊರ್ನಿಯನ್ನು ಕೇಳಿದರು, ಇದು ನಿಜವೇನಪ್ಪಾ ಅಂತ. ಬೊರ್ನಿ ನನ್ನ ಮುಖ ನೋಡಿದ. "ಕೈ ಸ್ವಲ್ಪ ತಣ್ಣಗಿರುತ್ತೆ ಸರ್," ಅಂದ. "ಆದ್ರೆ ಇಂಥ ಮಾಲೀಷು ಎಲ್ಲೂ ಸಿಗಲ್ಲ." ಗುಮಾಸ್ತ ಬರೆದುಕೊಂಡ, ನಾನು ಸಹಿ ಹಾಕಿದೆ. ನೂರಿ ಅರ್ಧ ಎದ್ದವನು ಹಾಗೇ ನಿಂತಿದ್ದ.

ಹೊರಗೆ ಲಮೀನ್ ನನ್ನ ಕಾಲ ಬಳಿ ಉಗುಳಿ ಕಾರು ಹತ್ತಿದ. ಹಿಂತಿರುಗುವ ದಾರಿಯಲ್ಲಿ ಒಂದು ಕಡೆ ಊಟಕ್ಕೆ ನಿಲ್ಲಿಸಿದಾಗ ನೂರಿ ಕಡಲೆ ಸಾರಿಗೆ ರೊಟ್ಟಿ ಚೂರು ಹಾಕಿಸಿ, ತಾನೇ ಕಲಸಿ, ಬಟ್ಟಲನ್ನು ನನ್ನ ಮುಂದೆ ತಳ್ಳಿದ. "ನಿಂಗೆ ತಲೆ ಇಲ್ಲ ಕಣೋ," ಅಂದ. ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಸಾರಿಗೆ ಹರೀಸಾ ಜಾಸ್ತಿ ಹಾಕಿದ್ದ, ಇಬ್ಬರ ಕಣ್ಣಲ್ಲೂ ನೀರು ಬಂತು.

ಏಪ್ರಿಲ್ 30

ಕೊನೆಯ ಪಂದ್ಯದವರೆಗಾದರೂ ಇರು ಅಂತ ನೂರಿ ಅಂಗಲಾಚಿದ. ಇದ್ದರೆ ಹುಡುಗರು ಎರಡು ಕಡೆ ನೋಡುತ್ತಾರೆ. ಬೇಡ ಅಂದೆ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಅವನಿಗೊಂದು ಮನೆ ಕೊಡುತ್ತಾನಂತೆ ಮುಖ್ತಾರ್, ಮುಂದಿನ ಸೀಸನ್ನಿಗೂ ಅವನೇ ಕೋಚ್. ಹಿತ್ತಲಿದೆಯಂತೆ, ಪಂಜರ ನೇತುಹಾಕಲು ಅಂಜೂರದ ಮರವಿದೆಯಂತೆ.

ಲಲ್ಲಾ ಜೊಹ್ರಾ ದಾರಿಗೆ ಬುತ್ತಿ ಕಟ್ಟಿಕೊಟ್ಟಳು. ಒಬ್ಬನಿಗೆ ಜಾಸ್ತಿಯಾಯಿತು.

ಮೇ 1, ಬಿಜೆರ್ತಾ

ಬೀಗ ತುಕ್ಕು ಹಿಡಿದಿತ್ತು. ಒಳಗೆ ಮುಗ್ಗಲು ವಾಸನೆ. ಕಿಟಕಿ ತೆರೆದೆ.

ಮೇ 6

ಮೀನು ತಂದೆ. ಒಬ್ಬನಿಗೆ ಎಷ್ಟು ಬೇಕು ಅಂತ ತಿಳಿಯಲಿಲ್ಲ. ಉಳಿದದ್ದು ಬೆಕ್ಕಿಗೆ.

ಮೇ 11

ಇವತ್ತು ಕೊನೆಯ ಪಂದ್ಯ. ಶಿಕ್ಷೆಯನ್ನು ಈ ಒಂದು ಪಂದ್ಯಕ್ಕೆ ಸಡಿಲಿಸಿದ್ದಾರೆ, ಊರಿನವರನ್ನು ಒಳಗೆ ಬಿಟ್ಟಿದ್ದಾರೆ. ಮಧ್ಯಾಹ್ನದಿಂದ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಸಂಜೆ ನೂರಿಯ ಫೋನ್ ಬಂತು. ಜನರ ಗದ್ದಲ, ಡೋಲು, ಶಿಳ್ಳೆ. ಗೆದ್ದಿದ್ದಾರೆ ಅಂತ ಆ ಗದ್ದಲದಲ್ಲೇ ಗೊತ್ತಾಯಿತು. ಅವನು ಏನೋ ಕಿರುಚಿದ. ನಾನೂ ಏನೋ ಕಿರುಚಿದೆ. ಇಬ್ಬರಿಗೂ ಒಂದೂ ಕೇಳಿಸಲಿಲ್ಲ. ಆಮೇಲೆ ಕರೆ ಕಡಿದುಹೋಯಿತು.

ಕ್ಲಬ್ಬು ಉಳಿಯಿತು. ಮನೆಯೊಳಗೆ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಇಷ್ಟು ಒಂಟಿ ಅಂತ ನನಗೆ ಐನ್ ಸಮ್ರಾದ ಹೋಟೆಲಿನಲ್ಲೂ ಅನ್ನಿಸಿರಲಿಲ್ಲ.

ಮೇ 12

ನಾನೇ ರಫೀಕಾಗೆ ಫೋನ್ ಮಾಡಿದೆ.

"ಲೀಗ್ ಮುಗೀತಾ?" ಅಂದಳು.

"ಮುಗೀತು."

"ಇನ್ನು ಯಾವ ಊರು?"

"ಯಾವ ಊರೂ ಇಲ್ಲ. ನಾನೀಗ ಕೋಚ್ ಅಲ್ಲ ರಫೀಕಾ. ಸರ್ಕಾರದ ಲೆಕ್ಕದಲ್ಲಿ ಮಾಲೀಷಿನವನು."

ಎಲ್ಲವನ್ನೂ ಹೇಳಿದೆ. ಕುರಿಯಿಂದ ಹಿಡಿದು ಸಮಿತಿಯವರೆಗೆ. ಇಷ್ಟು ಮಾತನ್ನು ನಾನು ಅವಳ ಹತ್ತಿರ ಎಷ್ಟು ವರ್ಷದಿಂದ ಆಡಿರಲಿಲ್ಲವೋ. ಅವಳು ನಗಲು ಶುರುಮಾಡಿದಳು. ಕೆಮ್ಮು ಬರುವವರೆಗೆ ನಕ್ಕಳು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

"ಹಾಗಾದ್ರೆ ಬಾ," ಅಂದಳು. "ನನ್ನ ಮೊಣಕಾಲು ಊದ್ಕೊಂಡು ಮೂರು ತಿಂಗಳಾಯ್ತು. ಮೆಟ್ಟಿಲು ಇಳಿಯೋಕಾಗ್ತಿಲ್ಲ."

"ಮೂರು ತಿಂಗಳಾ? ಒಂದು ಮಾತು ಹೇಳಲಿಲ್ಲ ನೀನು!"

"ಅದನ್ನೆಲ್ಲ ಕೋಚ್‌ಗೆ ಯಾರು ಹೇಳ್ತಾರೆ?"

ಮೇ 13

ಬೆಳಿಗ್ಗೆಯೇ ಸ್ಟ್ಯಾಂಡಿಗೆ ಬಂದೆ. ಸೂಸ್‌ನ ವ್ಯಾನು ಎಷ್ಟೊತ್ತಿಗೆ ಹೊರಡುತ್ತೆ ಅಂತ ಡ್ರೈವರನ್ನು ಕೇಳಿದೆ. "ತುಂಬಿದಾಗ, ಹಾಜಿ," ಅಂದ. ಎಂಟು ಜನ ಬೇಕು. ನಾನೇ ಮೊದಲನೆಯವನು. ಕಿಟಕಿಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಹೊರಗೆ ನಿಂತು "ಸೂಸ್, ಸೂಸ್, ಸೂಸ್" ಅಂತ ಕೂಗುತ್ತಿದ್ದಾನೆ. ದನಿ ಸಾಲದು. ಇಳಿದು ನಾನೂ ಅವನ ಜೊತೆ ಸ್ವಲ್ಪ ಕೂಗುತ್ತೇನೆ.